ಡಿವಿಆರ್‌ಗೆ ದೊಡ್ಡ ಹಾರ್ಡ್ ಡಿಸ್ಕ್ ಹಾಕುವಾಗ ಅಡ್ಡ ಬರುವ ಮಿತಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಡಿವಿಆರ್‌ನ, ಅಂದರೆ ವಿಡಿಯೋವನ್ನು ಡಿಸ್ಕ್‌ಗೆ ರೆಕಾರ್ಡ್ ಮಾಡುವ ಪೆಟ್ಟಿಗೆಯ, ಹಾರ್ಡ್ ಡಿಸ್ಕ್ ಬದಲಿಸುವುದು ಸ್ಕ್ರೂಡ್ರೈವರ್ ಹಿಡಿಯಲು ಬಲ್ಲವರಿಗೆ ಅರ್ಧ ಗಂಟೆಯ ಕೆಲಸ. ತಲೆನೋವು ಶುರುವಾಗುವುದು ಮುಚ್ಚಳ ಹಾಕಿದ ಮೇಲೆ. 4 ಟಿಬಿ ಹಾಕಿದ್ದೇವೆ, ಪೆಟ್ಟಿಗೆ 1.8 ಎನ್ನುತ್ತದೆ. ಅಥವಾ ಮೊದಲು ಚೆನ್ನಾಗಿ ಓಡಿ, ಒಂದು ತಿಂಗಳಾದ ಮೇಲೆ ಕೈಕೊಡುತ್ತದೆ. ಇಲ್ಲಿರುವ ಉತ್ತರಗಳು ಟಿವಿ ರೆಕಾರ್ಡರ್‌ಗೂ ಕ್ಯಾಮೆರಾ ಡಿವಿಆರ್‌ಗೂ ಹೊಂದುತ್ತವೆ. ಟಿವೋ ಎಂಬ ಅಮೆರಿಕದ ಟಿವಿ ರೆಕಾರ್ಡರ್‌ನ ಹೆಸರು ಅಲ್ಲಲ್ಲಿ ಬರುತ್ತದೆ. ಆ ಪೆಟ್ಟಿಗೆಯ ಒಳಗನ್ನು ಜನ ವರ್ಷಗಟ್ಟಲೆ ಕೆದಕಿ ನೋಡಿದ್ದಾರೆ, ಹಾಗಾಗಿ ಉದಾಹರಣೆಗೆ ಅನುಕೂಲ.

2 ಟಿಬಿ ಡಿಸ್ಕ್ ಹಾಕಿದರೆ 1.82 ಎಂದು ತೋರಿಸುತ್ತಿದೆ. ಇದು ಮಿತಿಯೇ?

ಅಲ್ಲ. ಡಿಸ್ಕ್ ತಯಾರಿಸುವವರು ಸಾವಿರದ ಲೆಕ್ಕ ಹಿಡಿಯುತ್ತಾರೆ, ಪೆಟ್ಟಿಗೆಯ ಸಾಫ್ಟ್‌ವೇರ್ 1024ರ ಲೆಕ್ಕ ಹಿಡಿಯುತ್ತದೆ. ಜಾಗ ಎಲ್ಲೂ ಹೋಗಿಲ್ಲ. 1 ಟಿಬಿ 931 ಜಿಬಿ ಆಗಿ ಕಾಣುವುದೂ ಇದೇ ಕಾರಣಕ್ಕೆ. ಇದರ ಮೇಲೆ ಪೆಟ್ಟಿಗೆ ತನ್ನ ಸಾಫ್ಟ್‌ವೇರ್‌ಗೆ, ಲೈವ್ ಟಿವಿಯನ್ನು ಹಿಂದಕ್ಕೆ ಓಡಿಸುವ ಬಫರ್‌ಗೆ ಒಂದಷ್ಟು ತೆಗೆದಿಟ್ಟುಕೊಳ್ಳುತ್ತದೆ.

ಹಾಗಾದರೆ ನಿಜವಾದ ಮಿತಿಗೆ ಸಿಕ್ಕಿಬಿದ್ದಿದ್ದೇನೆ ಎಂದು ಗೊತ್ತಾಗುವುದು ಹೇಗೆ?

ಪರದೆ ತೋರಿಸುವ ಸಂಖ್ಯೆಯನ್ನು ಮೊದಲು ಬರೆದಿಟ್ಟುಕೊಳ್ಳಿ. ಮಿತಿಗಳು ಮನಸ್ಸಿಗೆ ಬಂದಲ್ಲಿ ಬರುವುದಿಲ್ಲ. ಪ್ರತಿಯೊಂದರ ಹಿಂದೆಯೂ ಎಲ್ಲೋ ಒಂದು ಕಡೆ ಸೆಕ್ಟರ್ (ಡಿಸ್ಕ್‌ನ ಪುಟ್ಟ ಖಾನೆ) ಸಂಖ್ಯೆ ಬರೆಯಲು ಇಂತಿಷ್ಟೇ ಬಿಟ್ (0 ಅಥವಾ 1 ಬರೆಯುವ ಸ್ಥಾನ) ಎಂದು ಯಾರೋ ನಿಗದಿ ಮಾಡಿರುತ್ತಾರೆ. ಹಾಗಾಗಿ ಸಂಖ್ಯೆ ನೋಡಿದರೆ ಸಾಕು, ತೊಂದರೆ ಯಾವ ಪದರದಲ್ಲಿದೆ ಎಂದು ಮುಕ್ಕಾಲು ಪಾಲು ಹೇಳಬಹುದು.

32 ಅಥವಾ 33.8 ಜಿಬಿ ಕಂಡರೆ ಹಳೆಯ ಐಡಿಇ (ಅಗಲ ಪಟ್ಟಿ ಕೇಬಲ್‌ನ) ಡಿಸ್ಕ್‌ನ ಹಿಂಬದಿಯ ಜಂಪರ್, ಅಂದರೆ ಎರಡು ಪಿನ್ ಜೋಡಿಸುವ ಪುಟ್ಟ ಟೋಪಿ, ನೋಡಿ. ಅಂದಿನ ಕಂಪ್ಯೂಟರ್‌ಗಳ ಬಯೋಸ್ (ಕಂಪ್ಯೂಟರ್ ಎಬ್ಬಿಸುವ ಮೂಲ ಸಾಫ್ಟ್‌ವೇರ್) ತೊಂದರೆಗಾಗಿ ಡಿಸ್ಕನ್ನು ಬೇಕೆಂದೇ ಚಿಕ್ಕದಾಗಿ ತೋರಿಸುವ ಜಂಪರ್ ಇರುತ್ತಿತ್ತು. ಅದನ್ನು ತೆಗೆದರೆ ಕೆಲಸ ಮುಗಿಯಿತು.

137 ಅಥವಾ 128 ಜಿಬಿ ಕಂಡರೆ 28 ಬಿಟ್ ವಿಳಾಸದ ಮಿತಿ. 2.2 ಅಥವಾ 2.0 ಟಿಬಿ ಕಂಡರೆ 32 ಬಿಟ್‌ನ ಮಿತಿ. 3 ಟಿಬಿ ಡಿಸ್ಕ್ 801 ಜಿಬಿ ಅಥವಾ 746 ಜಿಬಿ ಎಂದು ಕಂಡರೆ ಅದೂ 32 ಬಿಟ್‌ನದೇ ತೊಂದರೆ, ಆದರೆ ಇನ್ನೂ ಕೆಟ್ಟ ರೂಪದಲ್ಲಿ: ಎಣಿಕೆ ಒಂದು ಸುತ್ತು ಮುಗಿಸಿ ಸೊನ್ನೆಯಿಂದ ಮತ್ತೆ ಶುರುವಾಗಿದೆ, ನಿಮಗೆ ಕಾಣುತ್ತಿರುವುದು ಬರೀ ಶೇಷ. 4 ಟಿಬಿ ಡಿಸ್ಕ್ 1.8 ಟಿಬಿ ಆಗಿ ಕಾಣುವುದೂ ಹಾಗೆಯೇ. ಇದನ್ನು ಮೊದಲ ಪ್ರಶ್ನೆಯ 1.82ರ ಜೊತೆ ಗೊಂದಲ ಮಾಡಿಕೊಳ್ಳಬೇಡಿ. 2 ಟಿಬಿಗೆ 1.82 ಸಹಜ, 4 ಟಿಬಿಗೆ 1.8 ಅಪಾಯದ ಗಂಟೆ.

ಈ ಯಾವ ಸಂಖ್ಯೆಯೂ ಅಲ್ಲದೆ, ಹಳೆಯ ಡಿಸ್ಕ್‌ನಲ್ಲಿ ಇದ್ದಷ್ಟೇ ಜಾಗ ಕಾಣುತ್ತಿದ್ದರೆ ಅದು ಮಿತಿಯೇ ಅಲ್ಲ. ನಕಲು ಮಾಡಿದ್ದೀರಿ, ವಿಸ್ತರಿಸಿಲ್ಲ. ಮುಂದೆ ಒಂದು ಪ್ರಶ್ನೆ ಅದಕ್ಕೇ ಇದೆ.

137 ಎಂಬ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು?

ಡಿಸ್ಕ್ ಜೊತೆ ಮಾತಾಡುವ ಹಳೆಯ ಎಟಿಎ ಪದ್ಧತಿಯಲ್ಲಿ ಡಿಸ್ಕ್‌ಗೆ "ಇಂತಿಷ್ಟನೇ ಸೆಕ್ಟರ್ ಕೊಡು" ಎಂದು ಹೇಳಲು 28 ಬಿಟ್ ಇತ್ತು. 28 ಬಿಟ್‌ನಲ್ಲಿ 26,84,35,456 ಸಂಖ್ಯೆಗಳನ್ನು ಬರೆಯಬಹುದು. ಒಂದೊಂದು ಸೆಕ್ಟರ್ 512 ಬೈಟ್. ಗುಣಿಸಿದರೆ 137.4 ಜಿಬಿ, 1024ರ ಲೆಕ್ಕದಲ್ಲಿ ಸರಿಯಾಗಿ 128. ಎಟಿಎ-6 ಎಂಬ ಆವೃತ್ತಿ ಇದನ್ನು 48 ಬಿಟ್‌ಗೆ ಏರಿಸಿತು. ಅದರ ಮಿತಿ 144 ಪೆಟಾಬೈಟ್, ಸದ್ಯಕ್ಕೆ ಯಾರ ತಲೆಗೂ ತಾಗುವ ಎತ್ತರವಲ್ಲ.

1999ರಲ್ಲಿ ಮೊದಲ ಟಿವೋ ಬಂದಾಗ 14 ಗಂಟೆಯ ಮಾದರಿ, 30 ಗಂಟೆಯ ಮಾದರಿ ಎಂದು ಮಾರುತ್ತಿದ್ದರು. 137 ಜಿಬಿ ಎಂಬುದು ಅಂದು ಸಮುದ್ರದಷ್ಟು ದೊಡ್ಡದು. ಹಾಗಾಗಿ ಆ ಕಾಲದ ಪೆಟ್ಟಿಗೆಗಳ ಕರ್ನಲ್‌ಗೆ (ಸಾಫ್ಟ್‌ವೇರ್‌ನ ತಿರುಳಿಗೆ) 28 ಬಿಟ್ ಬಿಟ್ಟು ಬೇರೆ ಲೆಕ್ಕ ಗೊತ್ತಿರಲಿಲ್ಲ.

ಪೆಟ್ಟಿಗೆಗೆ ಗೊತ್ತಾಗದಿದ್ದರೇನಂತೆ, ಕಂಪ್ಯೂಟರ್‌ನಲ್ಲಿ ಪೂರ್ತಿ ಡಿಸ್ಕನ್ನು ಸಿದ್ಧಮಾಡಿ ಹಾಕಿದರೆ ಆಗುವುದಿಲ್ಲವೇ?

ದಯವಿಟ್ಟು ಬೇಡ. ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನೇ ಓದಿ.

28 ಬಿಟ್‌ನ ಪೆಟ್ಟಿಗೆ ತಾನೇ ಡಿಸ್ಕ್ ಸಿದ್ಧಪಡಿಸಿದರೆ ಅಪಾಯವಿಲ್ಲ. ಹಳೆಯ ರೀತಿಯಲ್ಲಿ "ನೀನೆಷ್ಟು ದೊಡ್ಡವ?" ಎಂದು ಕೇಳಿದಾಗ ದೊಡ್ಡ ಡಿಸ್ಕ್ ಕೂಡ 26,84,35,455 ಎಂದೇ ಉತ್ತರಿಸುತ್ತದೆ. ಪೆಟ್ಟಿಗೆ ಅಷ್ಟನ್ನೇ ನಂಬಿ ಅಷ್ಟರಲ್ಲೇ ಸಂಸಾರ ಮಾಡುತ್ತದೆ. ಮಿಕ್ಕ ಜಾಗ ವ್ಯರ್ಥ, ಬಿಡಿ. ಆದರೆ 48 ಬಿಟ್ ಬಲ್ಲ ಕಂಪ್ಯೂಟರ್‌ನಲ್ಲಿ ಕೂತು ಡಿಸ್ಕ್‌ನ ಕೊನೆಯವರೆಗೆ ಪಾರ್ಟಿಷನ್ (ಡಿಸ್ಕ್‌ನ ವಿಭಾಗ) ಎಳೆದುಕೊಟ್ಟರೆ, ಪೆಟ್ಟಿಗೆ ಆ ನಕ್ಷೆಯನ್ನು ನಂಬುತ್ತದೆ. ಗಡಿಯಾಚೆಗಿನ ಸೆಕ್ಟರ್‌ಗೆ ಬರೆಯಲು ಹೊರಟಾಗ ವಿಳಾಸದ ಮೇಲಿನ ಬಿಟ್‌ಗಳು ಉದುರಿಹೋಗುತ್ತವೆ. ಹಳೆಯ ಗಾಡಿಯ ಕಿಲೋಮೀಟರ್ ಮೀಟರ್ 99999 ಆದಮೇಲೆ 00000ಕ್ಕೆ ತಿರುಗಿದಂತೆ, ಬರಹ ಹೋಗಿ ಕೂರುವುದು ಡಿಸ್ಕ್‌ನ ಮೊದಲ ಸೆಕ್ಟರ್‌ಗಳ ಮೇಲೆ. ಅಲ್ಲಿರುವುದು ಪಾರ್ಟಿಷನ್ ನಕ್ಷೆ, ಬೂಟ್ ಆಗಲು ಬೇಕಾದ ಸಾಮಾನು.

ನಾನು ಇದನ್ನು ಕಲಿತದ್ದು ಸ್ವಂತ ಖರ್ಚಿನಲ್ಲಿ. ಹಳೆಯ ರೆಕಾರ್ಡರ್ ಒಂದಕ್ಕೆ 160 ಜಿಬಿ ಡಿಸ್ಕನ್ನು ಕಂಪ್ಯೂಟರ್‌ನಲ್ಲಿ ಪೂರ್ತಿ ಹರಡಿ ಹಾಕಿದ್ದೆ. ಆರು ವಾರ ಏನೂ ಆಗಲಿಲ್ಲ. ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೂ ಆಯಿತು. ಒಂದು ರಾತ್ರಿ ಉದ್ದದ ಪಂದ್ಯವೊಂದು ರೆಕಾರ್ಡ್ ಆಗುತ್ತಿರುವಾಗ ಚಿತ್ರ ಅಲ್ಲಿಗೇ ನಿಂತಿತು. ಪ್ಲಗ್ ತೆಗೆದು ಹಾಕಿದೆ. ಲೋಗೋ ಬಂತು, ಪರದೆ ಕಪ್ಪಾಯಿತು, ಮತ್ತೆ ಲೋಗೋ, ಮತ್ತೆ ಕಪ್ಪು. ಡಿಸ್ಕ್ ಕಳಚಿ ಕಂಪ್ಯೂಟರ್‌ಗೆ ಸಿಕ್ಕಿಸಿ ಮೊದಲ ಸೆಕ್ಟರನ್ನು ಹೆಕ್ಸ್‌ನಲ್ಲಿ (16ರ ಲೆಕ್ಕದಲ್ಲಿ) ತೆರೆದರೆ ಪಾರ್ಟಿಷನ್ ನಕ್ಷೆ ಇರಬೇಕಾದ ಜಾಗದಲ್ಲಿ 47 ಎಂಬ ಬೈಟ್, ಅಲ್ಲಿಂದ 188 ಬೈಟ್ ಆಚೆಗೆ ಮತ್ತೊಂದು 47. ಡಿಜಿಟಲ್ ಟಿವಿಯ ಟ್ರಾನ್ಸ್‌ಪೋರ್ಟ್ ಸ್ಟ್ರೀಮ್ ನೋಡಿದವರಿಗೆ ಆ ಗುರುತು ಗೊತ್ತು, ಪ್ರತಿ ಪ್ಯಾಕೆಟ್‌ನ ತಲೆಯ ಮೇಲೆ ಅದೇ ಬೈಟ್ ಇರುತ್ತದೆ. ಡಿಸ್ಕ್‌ನ ನಕ್ಷೆಯ ಮೇಲೆ ಪಂದ್ಯ ಬಂದು ಕೂತಿತ್ತು.

ಆರು ವಾರ ಸುಮ್ಮನಿದ್ದದ್ದು ಯಾಕೆಂದರೆ ಡಿಸ್ಕ್ ಅಲ್ಲಿಯವರೆಗೆ ತುಂಬಿರಲಿಲ್ಲ, ಅಷ್ಟೇ.

ಸರಿ, 137ನ್ನು ದಾಟಲು ಸರಿಯಾದ ದಾರಿ ಯಾವುದು?

ಮೊದಲು ಫರ್ಮ್‌ವೇರ್, ಅಂದರೆ ಪೆಟ್ಟಿಗೆಯ ಒಳಗಿನ ಸಾಫ್ಟ್‌ವೇರ್‌ನ ಹೊಸ ಆವೃತ್ತಿ. ಎಷ್ಟೋ ಪೆಟ್ಟಿಗೆಗಳಲ್ಲಿ ಹಾರ್ಡ್‌ವೇರ್‌ಗೆ 48 ಬಿಟ್ ವಿಳಾಸ ಕಳಿಸಲು ಯಾವ ಅಡ್ಡಿಯೂ ಇಲ್ಲ, ಕರ್ನಲ್‌ನ ಡ್ರೈವರ್‌ಗೆ ಮಾತ್ರ ಗೊತ್ತಿಲ್ಲ. ಟಿವೋ ಸರಣಿ 2ಕ್ಕೆ ಮುಂದಿನ ಸಾಫ್ಟ್‌ವೇರ್ ಆವೃತ್ತಿಗಳಲ್ಲಿ ಇದು ಸಿಕ್ಕಿತು. ಸರಣಿ 1ರಲ್ಲಿ ಹವ್ಯಾಸಿಗಳೇ 48 ಬಿಟ್ ಬಲ್ಲ ಕರ್ನಲ್ ಕಟ್ಟಿ, ಡಿಸ್ಕ್‌ನ ಕರ್ನಲ್ ಪಾರ್ಟಿಷನ್‌ಗೆ ನೇರವಾಗಿ ಬರೆದರು.

ಅಲ್ಲೊಂದು ಬಲೆ ಇದೆ. ಟಿವೋ ಡಿಸ್ಕ್‌ನಲ್ಲಿ ಕರ್ನಲ್‌ಗೆ ಎರಡು ಪಾರ್ಟಿಷನ್ ಇರುತ್ತವೆ, 3 ಮತ್ತು 6. ಒಂದು ಚಾಲ್ತಿಯಲ್ಲಿರುವುದು, ಇನ್ನೊಂದು ಬದಲಿ. ಹೊಸ ಸಾಫ್ಟ್‌ವೇರ್ ಬಂದಾಗ ಬದಲಿ ಜಾಗಕ್ಕೆ ಇಳಿದು, ಮುಂದಿನ ಬೂಟ್ ಅಲ್ಲಿಂದ ಆಗುತ್ತದೆ. ಅಂದರೆ ನೀವು ಕಷ್ಟಪಟ್ಟು ಹಾಕಿದ ಕರ್ನಲ್ ಮೂಲೆಗೆ ಹೋಗಿ ಕಂಪನಿಯ ಮೂಲ ಕರ್ನಲ್ ಎದ್ದು ಕೂರುತ್ತದೆ, 137 ದಾಟಿದ ಡಿಸ್ಕ್‌ನ ಮೇಲೆ. ಎರಡು ಕಡೆ ಪಾಳಿ ಬದಲಿಸುವ ಬೇರೆ ಪೆಟ್ಟಿಗೆಗಳಲ್ಲೂ ಇದೇ ಕಥೆ. ತಿದ್ದಿದ ಕರ್ನಲ್ ಇದ್ದರೆ ತಾನಾಗಿ ಆಗುವ ಅಪ್‌ಡೇಟ್ ನಿಲ್ಲಿಸಿಡಿ.

ಫರ್ಮ್‌ವೇರ್ ಇಲ್ಲ, ಕರ್ನಲ್ ಕೈಗೆ ಎಟುಕುವುದಿಲ್ಲ ಎಂದಾದರೆ ಎರಡು ಡಿಸ್ಕ್. ಐಡಿಇ ಕೇಬಲ್‌ನಲ್ಲಿ ಮಾಸ್ಟರ್, ಸ್ಲೇವ್ ಎಂದು ಇಬ್ಬರಿಗೆ ಜಾಗವಿದೆ. ಮಿತಿ ಇರುವುದು ಡಿಸ್ಕ್ ಒಂದಕ್ಕೆ. 120 ಜಿಬಿಯ ಎರಡು ಹಾಕಿದರೆ 240. ನನ್ನ ಕೈಗೆ ಬಂದ ಹಳೆಯ ಪೆಟ್ಟಿಗೆಗಳಲ್ಲಿ ಇದೇ ಹೆಚ್ಚು ಕಾಲ ಬಾಳಿದ ಉಪಾಯ. ಒಂದೇ ತಕರಾರು: ರೆಕಾರ್ಡಿಂಗ್‌ಗಳು ಎರಡೂ ಡಿಸ್ಕ್‌ಗಳ ಮೇಲೆ ಹರಡುತ್ತವೆ, ಒಂದು ಸತ್ತರೆ ಎರಡರದ್ದೂ ಹೋಗುತ್ತದೆ.

ಐಡಿಇಯಿಂದ ಸಾಟಾಗೆ (ಹೊಸ ಡಿಸ್ಕ್‌ಗಳ ಕೇಬಲ್‌ಗೆ) ಬದಲಿಸುವ ಅಡಾಪ್ಟರ್ ಹಾಕಿದರೆ ಮಿತಿ ಹೋಗುತ್ತದೆಯೇ?

ಹೋಗುವುದಿಲ್ಲ. ಅಡಾಪ್ಟರ್ ತಂತಿಯ ಭಾಷೆ ಬದಲಿಸುತ್ತದೆ, ಕರ್ನಲ್‌ನ ಲೆಕ್ಕ ಬದಲಿಸುವುದಿಲ್ಲ. ಐಡಿಇ ಡಿಸ್ಕ್ ಸಿಗುವುದೇ ಇಲ್ಲ ಎಂಬ ಕಾರಣಕ್ಕೆ ಹಾಕುವುದಾದರೆ ಹಾಕಿ.

2.2 ಟಿಬಿ ಮಿತಿಯೂ ಇದೇ ಜಾತಿಯದೇ?

ಜಾತಿ ಒಂದೇ, ಆದರೆ ಅಡಗಿರುವ ಜಾಗಗಳು ಹೆಚ್ಚು. 32 ಬಿಟ್‌ನಲ್ಲಿ 4,29,49,67,296 ಸೆಕ್ಟರ್‌ಗಳಿಗೆ ಹೆಸರಿಡಬಹುದು, 512ರಿಂದ ಗುಣಿಸಿದರೆ 2.2 ಟಿಬಿ. 137 ಜಿಬಿಯ ಮಿತಿ ಇದ್ದದ್ದು ಡಿಸ್ಕ್ ಜೊತೆ ಮಾತಾಡುವ ಭಾಷೆಯಲ್ಲಿ. ಇದು ಅದರ ಮೇಲಿನ ಪದರಗಳಲ್ಲಿ ಎಲ್ಲಿ ಬೇಕಾದರೂ ಇರಬಹುದು.

ಪಾರ್ಟಿಷನ್ ನಕ್ಷೆಯಲ್ಲಿರಬಹುದು: ಹಳೆಯ ಎಂಬಿಆರ್ ಪದ್ಧತಿ 32 ಬಿಟ್‌ನದು, ಟಿವೋ ಬಳಸುವ ಆಪಲ್ ಪಾರ್ಟಿಷನ್ ಮ್ಯಾಪ್ ಕೂಡ 32 ಬಿಟ್‌ನದೇ. ಈಗಿನ ಜಿಪಿಟಿ ನಕ್ಷೆ 64 ಬಿಟ್‌ನದು. ಕರ್ನಲ್‌ನಲ್ಲಿರಬಹುದು: 32 ಬಿಟ್ ಪ್ರೊಸೆಸರ್‌ನ ಮೇಲೆ ಓಡುವ ಲಿನಕ್ಸ್ 2.6ರಲ್ಲಿ 2 ಟಿಬಿಗಿಂತ ದೊಡ್ಡ ಸಾಧನ ಬೇಕಾದರೆ ಕಂಪೈಲ್ ಮಾಡುವಾಗಲೇ ಅದಕ್ಕಿರುವ ಆಯ್ಕೆಯನ್ನು ಆರಿಸಿರಬೇಕು. ಪೆಟ್ಟಿಗೆ ತಯಾರಿಸಿದವರು ಮೆಮೊರಿ ಉಳಿಸಲೆಂದು ಬಿಟ್ಟಿದ್ದರೆ ಹೊರಗಿನಿಂದ ನಾವು ಮಾಡುವಂಥದ್ದು ಏನೂ ಇಲ್ಲ. ಹೊರಗಿನ ಡಿಸ್ಕ್ ಕೂರುವ ಯುಎಸ್‌ಬಿ ಪೆಟ್ಟಿಗೆಯ ಒಳಗಿನ ಸೇತುವೆ ಚಿಪ್‌ನಲ್ಲಿರಬಹುದು: ಡಿಸ್ಕ್ ಗಾತ್ರ ಕೇಳುವ ಹಳೆಯ ಆಜ್ಞೆಯ ಉತ್ತರಕ್ಕೆ 32 ಬಿಟ್ ಜಾಗವಷ್ಟೇ ಇದೆ. 3 ಟಿಬಿ 746 ಜಿಬಿ ಆಗುವುದು ಹೆಚ್ಚಾಗಿ ಈ ಸೇತುವೆಗಳ ದೆಸೆಯಿಂದ. ಹಾಗಾಗಿ ಡಿಸ್ಕನ್ನು ಬಯ್ಯುವ ಮೊದಲು ಅದನ್ನು ಹೊರತೆಗೆದು ನೇರವಾಗಿ ಸಾಟಾ ಪೋರ್ಟ್‌ಗೆ ಸಿಕ್ಕಿಸಿ ನೋಡಿ.

ಹೊಸ ಪೆಟ್ಟಿಗೆಗಳು ಉದಾರಿಗಳು. 2013ರ ಟಿವೋ ರೋಮಿಯೋಗೆ 3 ಟಿಬಿವರೆಗಿನ ಖಾಲಿ ಡಿಸ್ಕ್ ಹಾಕಿದರೆ ತಾನೇ ಫಾರ್ಮ್ಯಾಟ್ ಮಾಡಿಕೊಳ್ಳುತ್ತದೆ. ಅದಕ್ಕಿಂತ ದೊಡ್ಡದಕ್ಕೆ ಕಂಪ್ಯೂಟರ್‌ನಲ್ಲಿ ಮೊದಲೇ ಸಿದ್ಧತೆ ಬೇಕು.

ಕ್ಯಾಮೆರಾ ಡಿವಿಆರ್‌ನ ವಿವರಪಟ್ಟಿಯಲ್ಲಿ "ಪೋರ್ಟ್‌ಗೆ 6 ಟಿಬಿ" ಎಂದಿದೆ. 8 ಹಾಕಬಹುದೇ?

6 ಎಂಬುದು ಯಾವ ಬಿಟ್ ಲೆಕ್ಕಕ್ಕೂ ಹೊಂದುವ ಸಂಖ್ಯೆಯಲ್ಲ. ಪೆಟ್ಟಿಗೆ ಮಾರುಕಟ್ಟೆಗೆ ಬಂದಾಗ ಅವರು ಪರೀಕ್ಷಿಸಿದ ಅತಿದೊಡ್ಡ ಡಿಸ್ಕ್ ಅದಾಗಿರಬಹುದು, 2.2ನ್ನು ಆಗಲೇ ದಾಟಿರುವ ಪೆಟ್ಟಿಗೆ 8ನ್ನೂ ಒಪ್ಪುವ ಸಾಧ್ಯತೆ ಚೆನ್ನಾಗಿದೆ. ಆದರೆ ಖಾತರಿ ಅಲ್ಲ. ಹಿಂತಿರುಗಿಸಲು ಬರುವಂತೆ ಡಿಸ್ಕ್ ಕೊಂಡು, ತುಂಬಿಸಿ ನೋಡಿ. ಪಟ್ಟಿಯಲ್ಲಿ 2 ಟಿಬಿ ಎಂದಿದ್ದರೆ ಮಾತ್ರ ಅಕ್ಷರಶಃ ನಂಬಿ, ಅದರ ಹಿಂದೆ 32 ಬಿಟ್ ಇರುವ ಸಂಭವ ಬಹಳ.

ಚಿಕ್ಕ ಡಿಸ್ಕ್ ಸಿಗುತ್ತಿಲ್ಲ. 4 ಟಿಬಿ ಡಿಸ್ಕನ್ನು 2 ಟಿಬಿ ಎಂದು ಪೆಟ್ಟಿಗೆಗೆ ನಂಬಿಸಬಹುದೇ?

ನಂಬಿಸಬಹುದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರಲ್ಲ, ಅದನ್ನು ಡಿಸ್ಕ್‌ಗೇ ಕಲಿಸಿದ ಹಾಗೆ. ಎಟಿಎ ಡಿಸ್ಕ್‌ಗಳಲ್ಲಿ ಎಚ್‌ಪಿಎ ಎಂಬ ವ್ಯವಸ್ಥೆ ಇದೆ: "ಇಷ್ಟನೇ ಸೆಕ್ಟರ್‌ನ ಆಚೆಗೆ ನೀನು ಇಲ್ಲ ಎಂದುಕೋ" ಎಂದು ಡಿಸ್ಕ್‌ಗೆ ಹೇಳಿಟ್ಟರೆ, ಮುಂದೆ ಯಾರು ಕೇಳಿದರೂ ಅದು ತನ್ನ ಗಾತ್ರವನ್ನು ಅಷ್ಟೇ ಹೇಳುತ್ತದೆ.

ಲಿನಕ್ಸ್‌ನಲ್ಲಿ ಎಚ್‌ಡಿಪಾರ್ಮ್ ಎಂಬ ಉಪಕರಣ ಇದನ್ನು ಮಾಡುತ್ತದೆ. ಅದರ ದೊಡ್ಡಕ್ಷರದ ಎನ್ ಆಯ್ಕೆಯನ್ನು ಸಂಖ್ಯೆ ಇಲ್ಲದೆ ಕೊಟ್ಟರೆ ಡಿಸ್ಕ್ ಈಗ ತೋರಿಸುತ್ತಿರುವ ಗಾತ್ರ, ನಿಜವಾದ ಗಾತ್ರ ಎರಡೂ ಕಾಣುತ್ತವೆ. ಸಂಖ್ಯೆ ಕೊಟ್ಟರೆ ಅಷ್ಟಕ್ಕೆ ಕತ್ತರಿಸುತ್ತದೆ. ಸಂಖ್ಯೆಗೆ ಮೊದಲು ಸಣ್ಣಕ್ಷರದ ಪಿ ಸೇರಿಸಲು ಮರೆಯಬೇಡಿ, ಇಲ್ಲದಿದ್ದರೆ ಕರೆಂಟ್ ಹೋದ ಕೂಡಲೇ ಬದಲಾವಣೆಯೂ ಹೋಗುತ್ತದೆ. 2 ಟಿಬಿಗೆ ನಾನು ಕೊಡುವ ಸಂಖ್ಯೆ 3,90,70,29,168. ಅಂಗಡಿಯ 2 ಟಿಬಿ ಡಿಸ್ಕ್‌ಗಳಲ್ಲಿ ಇರುವುದೂ ಇಷ್ಟೇ ಸೆಕ್ಟರ್. ಟೈಪ್ ಮಾಡುವಾಗ ಅಲ್ಪವಿರಾಮ ಬಿಡಿ.

ಮೂರು ಸಂಗತಿ ಗಮನದಲ್ಲಿರಲಿ. ಒಮ್ಮೆ ಕರೆಂಟ್ ಕೊಟ್ಟ ಮೇಲೆ ಈ ಶಾಶ್ವತ ಬದಲಾವಣೆಗೆ ಒಂದೇ ಅವಕಾಶ. ತಪ್ಪಿದರೆ ಕರೆಂಟ್ ತೆಗೆದು ಮತ್ತೆ ಕೊಟ್ಟೇ ಎರಡನೇ ಸಲ ಮಾಡಬೇಕು. ಯುಎಸ್‌ಬಿ ಸೇತುವೆಯ ಮೂಲಕ ಈ ಆಜ್ಞೆ ದಾಟುವುದು ಅನುಮಾನ, ಸಾಟಾ ಪೋರ್ಟ್‌ಗೇ ಸಿಕ್ಕಿಸಿ. ಮತ್ತೆ, ಇತ್ತೀಚಿನ ಕೆಲವು ಡಿಸ್ಕ್‌ಗಳು ಈ ಹಳೆಯ ಆಜ್ಞೆಯನ್ನು ಒಪ್ಪುವುದಿಲ್ಲ, ಅವುಗಳಲ್ಲಿ ಬೇರೆ ಆಜ್ಞೆ ಇದೆ.

ಇನ್ನೊಂದು ತಮಾಷೆ. ಕೆಲವು ಹಳೆಯ ಲಿನಕ್ಸ್ ಕರ್ನಲ್‌ಗಳು ಎಚ್‌ಪಿಎ ಕಂಡ ಕೂಡಲೇ "ಪಾಪ, ಯಾರೋ ಜಾಗ ಮುಚ್ಚಿಟ್ಟಿದ್ದಾರೆ" ಎಂದು ತೆಗೆದುಹಾಕುತ್ತಿದ್ದವು. ಪೆಟ್ಟಿಗೆ ಹಾಗೆ ಮಾಡಿದರೆ ಈ ಉಪಾಯ ನಡೆಯುವುದಿಲ್ಲ. ಒಮ್ಮೆ ಪೆಟ್ಟಿಗೆಯಲ್ಲಿ ಬೂಟ್ ಮಾಡಿ, ಡಿಸ್ಕ್ ಹೊರತೆಗೆದು, ಸಂಖ್ಯೆ ಹಾಗೆಯೇ ಇದೆಯೇ ಎಂದು ನೋಡಿ.

ಅರ್ಧ ಡಿಸ್ಕ್ ಬಿಟ್ಟುಕೊಡಲು ಮನಸ್ಸಿಗೆ ಹಿಂಸೆ, ಒಪ್ಪುತ್ತೇನೆ. ಆದರೂ ಹಳೆಯ ಪೆಟ್ಟಿಗೆಗೆ ಯಾರು ಸಲಹೆ ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ. ಮಿತಿಯ ಆಚೆಗೆ ಹಾರುವ ಉಪಾಯಗಳು ಒಂದು ಅಪ್‌ಡೇಟ್‌ಗೆ ಬೀಳುತ್ತವೆ. ಮಿತಿಯ ಒಳಗೆ ನಿಲ್ಲಿಸುವ ಉಪಾಯ ಡಿಸ್ಕ್ ಸಾಯುವವರೆಗೆ ನಡೆಯುತ್ತದೆ.

4096 ಬೈಟ್ ಸೆಕ್ಟರ್‌ನ ಡಿಸ್ಕ್ ಹಾಕಿದರೆ 32 ಬಿಟ್‌ನಲ್ಲೇ 16 ಟಿಬಿ ಸಿಗುತ್ತದಲ್ಲ?

ಕಾಗದದ ಮೇಲೆ ಸಿಗುತ್ತದೆ. ಕೆಲವು ಯುಎಸ್‌ಬಿ ಪೆಟ್ಟಿಗೆಗಳು ವಿಂಡೋಸ್ ಎಕ್ಸ್‌ಪಿಗೆ 3 ಟಿಬಿ ತೋರಿಸಿದ್ದು ಇದೇ ಚಮತ್ಕಾರದಿಂದ. ಆದರೆ ಡಿವಿಆರ್‌ನ ಒಳಗೆ ಸೆಕ್ಟರ್ ಎಂದರೆ 512 ಎಂದು ನಂಬಿ ಬರೆದ ಕೋಡ್ ಹತ್ತು ಕಡೆ ಇರುತ್ತದೆ. ಅಪ್ಪಟ 4096ರ ಡಿಸ್ಕನ್ನು ಅದು ಗುರುತಿಸುವುದೇ ಇಲ್ಲ. ಒಳಗೆ 4096 ಇದ್ದು ಹೊರಗೆ 512 ಎಂದು ಹೇಳಿಕೊಳ್ಳುವ 512ಇ ಡಿಸ್ಕ್‌ಗಳು ನಡೆಯುತ್ತವೆ. ಅವುಗಳಲ್ಲಿ ಪಾರ್ಟಿಷನ್‌ಗಳ ಆರಂಭ 8ರಿಂದ ಭಾಗವಾಗುವ ಸೆಕ್ಟರ್‌ನಲ್ಲಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಬರೆಯುವ ವೇಗ ಕುಸಿಯುತ್ತದೆ.

ಹಳೆಯ ಡಿಸ್ಕನ್ನು ಹೊಸದಕ್ಕೆ ನಕಲು ಮಾಡಿದೆ. ಎಲ್ಲ ಸರಿ, ಆದರೆ ಹೊಸ ಜಾಗ ಕಾಣುತ್ತಿಲ್ಲ.

ಸೆಕ್ಟರ್‌ಗೆ ಸೆಕ್ಟರ್ ನಕಲು ಮಾಡಿದಾಗ ಹಳೆಯ ನಕ್ಷೆಯೂ ಹಾಗೇ ಬಂದಿರುತ್ತದೆ. ಆ ನಕ್ಷೆಯ ಪ್ರಕಾರ ಡಿಸ್ಕ್ ಇನ್ನೂ ಚಿಕ್ಕದೇ. ಈಗ ಎರಡನೇ ಹೆಜ್ಜೆ, ವಿಸ್ತರಣೆ. ಟಿವೋಗೆ ಎಂಎಫ್‌ಎಸ್ ಟೂಲ್ಸ್, ವಿನ್‌ಎಂಎಫ್‌ಎಸ್, ಜೆಎಂಎಫ್‌ಎಸ್ ಇವೆ. ಮಿಕ್ಕ ಜಾಗದಲ್ಲಿ ಹೊಸ ಪಾರ್ಟಿಷನ್ ಜೋಡಿ ಕಟ್ಟಿ ಹಳೆಯದಕ್ಕೆ ಸೇರಿಸುತ್ತವೆ. ಜೋಡಿ ಏಕೆಂದರೆ ಒಂದು ಮಾಹಿತಿಗೆ, ಒಂದು ವಿಡಿಯೋಗೆ. ಇಂಥ ಜೋಡಿಗಳ ಸಂಖ್ಯೆಗೂ ಮಿತಿ ಇದೆ. ಹಾಗಾಗಿ ಮೊದಲು 250, ಆಮೇಲೆ 500, ಆಮೇಲೆ 1 ಟಿಬಿ ಎಂದು ಪ್ರತಿ ಸಲ ನಕಲಿನ ಮೇಲೆ ನಕಲು ಮಾಡುತ್ತಾ ಹೋದರೆ ಒಂದು ದಿನ ಡಿಸ್ಕ್‌ನಲ್ಲಿ ಜಾಗವಿದ್ದರೂ ನಕ್ಷೆಯಲ್ಲಿ ಜಾಗವಿರುವುದಿಲ್ಲ. ದೊಡ್ಡದನ್ನು ಒಂದೇ ಸಲ ಹಾಕಿ.

ನಕಲಿಗೆ ಡಿಡಿರೆಸ್ಕ್ಯೂ ಬಳಸಿ. ಡಿವಿಆರ್‌ನಲ್ಲಿ ವರ್ಷಗಟ್ಟಲೆ ಹಗಲೂ ರಾತ್ರಿ ತಿರುಗಿದ ಡಿಸ್ಕ್‌ನಲ್ಲಿ ಓದಲಾಗದ ಸೆಕ್ಟರ್‌ಗಳು ಇದ್ದೇ ಇರುತ್ತವೆ. ಸಾದಾ ನಕಲು ಮೊದಲ ಕೆಟ್ಟ ಸೆಕ್ಟರ್‌ನಲ್ಲೇ ನಿಲ್ಲುತ್ತದೆ. ಡಿಡಿರೆಸ್ಕ್ಯೂ ಅದನ್ನು ಹಾರಿ ಮುಂದೆ ಹೋಗಿ, ಕೊನೆಗೆ ಮತ್ತೆ ಬಂದು ಪ್ರಯತ್ನಿಸುತ್ತದೆ. ಮೂಲ ಯಾವುದು, ಗುರಿ ಯಾವುದು ಎಂದು ಮೂರು ಸಲ ನೋಡಿ. ಡಿಸ್ಕ್‌ನ ಸೀರಿಯಲ್ ನಂಬರ್ ಹೋಲಿಸಿ ನೋಡುವುದು ನನ್ನ ಅಭ್ಯಾಸ.

ಡಿಸ್ಕ್ ಸಿಕ್ಕಿಸಿದ ಕೂಡಲೇ ವಿಂಡೋಸ್ "ಇನಿಷಿಯಲೈಸ್ ಮಾಡಲೇ?" ಎಂದು ಕೇಳುತ್ತಿದೆ.

ಬೇಡ ಎನ್ನಿ. ವಿಂಡೋಸ್‌ಗೆ ಅರ್ಥವಾಗದ ನಕ್ಷೆ ಖಾಲಿ ನಕ್ಷೆಯಲ್ಲ. ಹೌದು ಎಂದರೆ ಮೊದಲ ಸೆಕ್ಟರ್ ಹೋಯಿತು.

ಹಳೆಯ ರೆಕಾರ್ಡಿಂಗ್‌ಗಳು ಹೊಸ ಡಿಸ್ಕ್‌ನಲ್ಲಿ ಓಡುತ್ತವೆಯೇ?

ಅದೇ ಪೆಟ್ಟಿಗೆಯಲ್ಲಾದರೆ, ಪೂರ್ತಿ ನಕಲು ಮಾಡಿದ್ದರೆ ಸಾಮಾನ್ಯವಾಗಿ ಓಡುತ್ತವೆ. ಬೇರೆ ಪೆಟ್ಟಿಗೆಯಲ್ಲಿ, ಅದು ಅದೇ ಮಾದರಿಯದಾಗಿದ್ದರೂ, ಓಡುವ ಭರವಸೆ ಇಲ್ಲ. ಎಷ್ಟೋ ಟಿವಿ ರೆಕಾರ್ಡರ್‌ಗಳು ವಿಡಿಯೋವನ್ನು ಗೂಢಲಿಪಿಯಲ್ಲಿ ಬರೆಯುತ್ತವೆ, ಅದರ ಕೀಲಿ ಮದರ್‌ಬೋರ್ಡ್‌ನ ಚಿಪ್‌ನಲ್ಲಿರುತ್ತದೆ. ಪೆಟ್ಟಿಗೆ ಹಾಳಾಗಿ ಡಿಸ್ಕ್ ಚೆನ್ನಾಗಿದ್ದರೆ ಅದರಿಂದ ಸಮಾಧಾನವೇನೂ ಇಲ್ಲ.

ಕ್ಯಾಮೆರಾ ಡಿವಿಆರ್‌ನಲ್ಲಿ ನಕಲಿನ ಗೊಡವೆ ಯಾಕೆ? ಬೇಕಾದ ತುಣುಕುಗಳನ್ನು ಪೆನ್‌ಡ್ರೈವ್‌ಗೆ ತೆಗೆದಿಟ್ಟು, ಖಾಲಿ ಡಿಸ್ಕ್ ಹಾಕಿ, ಪೆಟ್ಟಿಗೆಯ ಮೆನುವಿನಿಂದಲೇ ಫಾರ್ಮ್ಯಾಟ್ ಮಾಡಿಸಿ. ಪೆನ್‌ಡ್ರೈವ್ ಎಫ್‌ಎಟಿ32 ಆಗಿದ್ದರೆ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ, ಉದ್ದದ ತುಣುಕುಗಳು ಹೋಳಾಗಿ ಬಂದರೆ ಗಾಬರಿ ಬೇಡ.

ಒಳಗೆ ಕೈಹಾಕದೆ ಹೊರಗಿನಿಂದ ಇನ್ನೊಂದು ಡಿಸ್ಕ್ ಸೇರಿಸಬಹುದೇ?

ಇಸಾಟಾ (ಹೊರಗಿನ ಸಾಟಾ) ಅಥವಾ ಯುಎಸ್‌ಬಿ ಪೋರ್ಟ್ ಇದ್ದು ಪೆಟ್ಟಿಗೆ ಒಪ್ಪುವುದಾದರೆ ಇದು ಸುಲಭದ ದಾರಿ. ಆದರೆ ಎರಡು ಬಗೆಗಳಿವೆ. ಕೆಲವು ಪೆಟ್ಟಿಗೆಗಳಿಗೆ ಹೊರಗಿನ ಡಿಸ್ಕ್ ಪ್ರತ್ಯೇಕ ಗೋದಾಮು, ಕಿತ್ತರೂ ಒಳಗಿನದು ಒಳಗಿರುತ್ತದೆ. ಇನ್ನು ಕೆಲವಕ್ಕೆ, ಟಿವೋ ಸರಣಿ 3 ಮತ್ತು ಎಚ್‌ಡಿಯಲ್ಲಿದ್ದಂತೆ, ಒಳಗಿನದೂ ಹೊರಗಿನದೂ ಸೇರಿ ಒಂದೇ ಡಿಸ್ಕ್. ಆ ಮದುವೆ ಆದ ಮೇಲೆ ಹೊರಗಿನದನ್ನು ಕಿತ್ತರೆ ಎರಡರ ಮೇಲೂ ಹರಡಿದ ರೆಕಾರ್ಡಿಂಗ್‌ಗಳೆಲ್ಲ ಹೋದವು. ಯುಎಸ್‌ಬಿ ಕೇಬಲ್ ಮೇಲೆ ಕಾಲು ಎಡವುವವರು ಮನೆಯಲ್ಲಿದ್ದರೆ ಯೋಚಿಸಿ.

ಯಾವ ಡಿಸ್ಕ್ ಕೊಳ್ಳಲಿ?

ಡಿವಿಆರ್ ದಿನವಿಡೀ ಬರೆಯುತ್ತಲೇ ಇರುತ್ತದೆ, ಹಲವು ಧಾರೆಗಳಲ್ಲಿ. ಹಾಗಾಗಿ ಎಸ್‌ಎಂಆರ್ ಅಲ್ಲದ, ಟ್ರ್ಯಾಕ್‌ಗಳು ಬಿಡಿಬಿಡಿಯಾಗಿರುವ ಸಿಎಂಆರ್ ಡಿಸ್ಕ್ ನೋಡಿ. ಎಸ್‌ಎಂಆರ್‌ನಲ್ಲಿ ಟ್ರ್ಯಾಕ್‌ಗಳು ಹೆಂಚಿನಂತೆ ಒಂದರ ಮೇಲೊಂದು ಒರಗಿರುತ್ತವೆ. ಒಂದನ್ನು ತಿದ್ದಲು ಪಕ್ಕದವನ್ನೂ ಮತ್ತೆ ಬರೆಯಬೇಕು, ಆ ಹೊತ್ತಿನಲ್ಲಿ ವಿಡಿಯೋ ಚೌಕಳಿಯಾಗುತ್ತದೆ. ಕಣ್ಗಾವಲಿಗೆಂದೇ ಮಾಡಿದ ಡಬ್ಲ್ಯೂಡಿ ಪರ್ಪಲ್, ಸೀಗೇಟ್ ಸ್ಕೈಹಾಕ್ ಸಾಲಿನವು ಈ ಕೆಲಸಕ್ಕೆ ಒಗ್ಗುತ್ತವೆ. ವೇಗದ 7200 ಆರ್‌ಪಿಎಂ ಬೇಕಾಗಿಲ್ಲ: ಶಬ್ದ, ಬಿಸಿ ಎರಡೂ ಹೆಚ್ಚು, ಟಿವಿ ಕೆಳಗಿನ ಪೆಟ್ಟಿಗೆಯಲ್ಲಿ ಗಾಳಿ ಕಡಿಮೆ.

ಡಿಸ್ಕ್ ತಿರುಗಲು ಶುರುಮಾಡುವ ಕ್ಷಣದಲ್ಲಿ 12 ವೋಲ್ಟ್ ತಂತಿಯಿಂದ 2 ಆಂಪಿಯರ್‌ವರೆಗೂ ಎಳೆಯಬಹುದು. ಮುದಿ ಪವರ್ ಸಪ್ಲೈ ಅಲ್ಲೇ ಉಸಿರು ಬಿಡುತ್ತದೆ, ನಾವು ಸಾಮರ್ಥ್ಯದ ಮಿತಿ ಎಂದುಕೊಂಡು ತಲೆ ಕೆಡಿಸಿಕೊಳ್ಳುತ್ತೇವೆ. ಹೊರಗಿನ ಡಿಸ್ಕ್ ಒಡೆದು ತೆಗೆದ ಕೆಲವು ಡಿಸ್ಕ್‌ಗಳಲ್ಲಿ ಸಾಟಾ ಪವರ್‌ನ 3ನೇ ಪಿನ್‌ಗೆ 3.3 ವೋಲ್ಟ್ ಬಂದರೆ ಡಿಸ್ಕ್ ತಿರುಗುವುದೇ ಇಲ್ಲ. ಆ ಪಿನ್ ಮೇಲೆ ತೆಳು ಟೇಪ್ ಅಂಟಿಸಿದರೆ ಎದ್ದು ಕೂರುತ್ತದೆ. ಎಸ್‌ಎಸ್‌ಡಿ ಕೇಳುತ್ತಿದ್ದೀರಾದರೆ, ಹಗಲಿರುಳು ಬರೆಯುವ ಈ ಕೆಲಸಕ್ಕೆ ಮೂಗಿಗಿಂತ ಮೂಗುತಿ ಭಾರ.

ಪೆಟ್ಟಿಗೆ ಬಿಚ್ಚುವಾಗ ಏನು ಎಚ್ಚರ?

ಪ್ಲಗ್ ಕಿತ್ತು ಸ್ವಲ್ಪ ಹೊತ್ತು ಬಿಡಿ. ಎಷ್ಟೋ ರೆಕಾರ್ಡರ್‌ಗಳಲ್ಲಿ ಪವರ್ ಸಪ್ಲೈ ಬೋರ್ಡ್‌ಗೆ ಮುಚ್ಚಳವೇ ಇರುವುದಿಲ್ಲ, ದೊಡ್ಡ ಕೆಪಾಸಿಟರ್‌ಗಳು ಪ್ಲಗ್ ಕಿತ್ತ ಮೇಲೂ ಹೊಡೆಯುತ್ತವೆ. ಆ ಮೂಲೆಗೆ ಬೆರಳು ಬೇಡ.

ನನಗೆ ನಿಜವಾಗಿ ಎಷ್ಟು ಜಾಗ ಬೇಕು?

ಲೆಕ್ಕ ಹಾಕಿ ನೋಡಿದರೆ ಕೆಲವೊಮ್ಮೆ ಮಿತಿ ದಾಟುವ ಅಗತ್ಯವೇ ಇರುವುದಿಲ್ಲ. ಸೆಕೆಂಡಿಗೆ ಎಷ್ಟು ಮೆಗಾಬಿಟ್ ಎಂಬುದನ್ನು 0.45ರಿಂದ ಗುಣಿಸಿದರೆ ಗಂಟೆಗೆ ಎಷ್ಟು ಜಿಬಿ ಎಂದು ಬರುತ್ತದೆ. 8 ಮೆಗಾಬಿಟ್‌ಗೆ 3.6 ಜಿಬಿ. ಅಮೆರಿಕದ ಎಟಿಎಸ್‌ಸಿ ಪ್ರಸಾರದ ಪೂರ್ತಿ ಚಾನೆಲ್ 19.39 ಮೆಗಾಬಿಟ್, ಅಂದರೆ ಗಂಟೆಗೆ 8.7 ಜಿಬಿ. 4 ಮೆಗಾಬಿಟ್‌ನ ಕ್ಯಾಮೆರಾ ದಿನಕ್ಕೆ 43.2 ಜಿಬಿ, ಅಂಥ 8 ಇದ್ದರೆ 345.6 ಜಿಬಿ, 2 ಟಿಬಿ ಆರು ದಿನಕ್ಕೂ ಸಾಲದು. ಅಲ್ಲಿ ದೊಡ್ಡ ಡಿಸ್ಕ್‌ಗೆ ಮೊದಲು ಸೆಟ್ಟಿಂಗ್ ನೋಡಿ: ವಿಡಿಯೋ ಕುಗ್ಗಿಸುವ ರೀತಿಯಲ್ಲಿ ಎಚ್.264 ಬದಲು ಎಚ್.265 ಆರಿಸಿದರೆ ಹೆಚ್ಚುಕಡಿಮೆ ಅರ್ಧದಲ್ಲಿ ಕೆಲಸ ಆಗುತ್ತದೆ, ಚಲನೆ ಇದ್ದಾಗ ಮಾತ್ರ ರೆಕಾರ್ಡ್ ಎಂದರೆ ಇನ್ನೂ ಉಳಿಯುತ್ತದೆ.

ದೊಡ್ಡ ಡಿಸ್ಕ್ ಹಾಕಿದ ಮೇಲೆ ಪೆಟ್ಟಿಗೆ ನಿಧಾನವಾಗಿದೆ.

ಖಾಲಿ ಜಾಗದ ಲೆಕ್ಕ ಮೆಮೊರಿಯಲ್ಲಿರುತ್ತದೆ. ಡಿಸ್ಕ್ ಹತ್ತು ಪಟ್ಟಾಯಿತು, ಮೆಮೊರಿ ಅಷ್ಟೇ ಇದೆ. ಕರೆಂಟ್ ಹೋಗಿ ಬಂದಾಗ ಡಿಸ್ಕ್ ಪರೀಕ್ಷೆಗೆ ಇನ್ನೂ ಹೆಚ್ಚು ಬೇಕು. ಮೆಮೊರಿ ಸಾಲದಾಗ ಬಳಸುವ ಡಿಸ್ಕ್‌ನ ಸ್ವಾಪ್ ಪಾರ್ಟಿಷನ್ ಚಿಕ್ಕದಾಗಿದ್ದರೆ ಪರೀಕ್ಷೆ ಅರ್ಧಕ್ಕೆ ಸತ್ತು ಮತ್ತೆ ಬೂಟ್ ಆಗುತ್ತದೆ, ಕೊನೆಯಿಲ್ಲದೆ. ಡಿಸ್ಕ್ ಸಿದ್ಧಪಡಿಸುವಾಗಲೇ ಸ್ವಾಪ್ ಹಿಗ್ಗಿಸಿ. ರೆಕಾರ್ಡಿಂಗ್ ಪಟ್ಟಿ ತೆರೆಯಲು ತಡವಾಗುತ್ತಿದ್ದರೆ ಹಳೆಯವನ್ನು ಅಳಿಸಿ.

ಎಲ್ಲ ಸರಿಯಾಗಿದೆ ಎಂದು ಖಾತ್ರಿ ಮಾಡಿಕೊಳ್ಳುವುದು ಹೇಗೆ?

ಗಡಿ ದಾಟುವವರೆಗೆ ತುಂಬಿಸಿ. ಬೇರೆ ಪರೀಕ್ಷೆ ಇಲ್ಲ. ಪರದೆಯ ಮೇಲಿನ ಸಂಖ್ಯೆ ಸರಿ ಕಂಡರೆ ಸಾಲದು. ನನ್ನ 160 ಜಿಬಿಯೂ ಸರಿಯಾಗಿಯೇ ಕಾಣುತ್ತಿತ್ತು. ಗಂಟೆಗೆ 3.6 ಜಿಬಿಯಂತೆ 137 ತುಂಬಲು 38 ಗಂಟೆ. 2.2 ಟಿಬಿ ಇದರ ಸರಿಯಾಗಿ 16 ಪಟ್ಟು, ಹಾಗಾಗಿ 16 ಕ್ಯಾಮೆರಾಗಳನ್ನು 8 ಮೆಗಾಬಿಟ್‌ಗೆ ಏರಿಸಿ ಬಿಟ್ಟರೆ ಅಲ್ಲೂ ಅದೇ 38 ಗಂಟೆ. ತುಂಬಿದ ಮೇಲೆ ಮೊದಲ ದಿನದ ರೆಕಾರ್ಡಿಂಗ್ ತೆರೆದು ನೋಡಿ. ಸುತ್ತು ತಿರುಗಿ ಬರೆದಿದ್ದರೆ ಹಾಳಾಗುವುದು ಶುರುವಿನದೇ. ಆಮೇಲೆ ಪ್ಲಗ್ ಕಿತ್ತು ಮತ್ತೆ ಬೂಟ್ ಮಾಡಿ.

ಹಳೆಯ ಡಿಸ್ಕನ್ನು ಅಲ್ಲಿಯವರೆಗೆ ಅಳಿಸಬೇಡಿ. ನನ್ನ ಕಪಾಟಿನಲ್ಲಿ ಅಂಥವು ಮೂರಿವೆ, ಯಾವ ಪೆಟ್ಟಿಗೆಯದು, ಯಾವಾಗ ತೆಗೆದದ್ದು ಎಂದು ಚೀಟಿ ಅಂಟಿಸಿಕೊಂಡು. ಒಂದರ ಚೀಟಿ ಉದುರಿಹೋಗಿದೆ, ಅದು ಯಾವುದರದ್ದೆಂದು ಇನ್ನೂ ಪತ್ತೆಯಾಗಿಲ್ಲ.